ಎತ್ತು ನಡೆದಷ್ಟು ಎಕರೆ

ಆಗಿನ ಕುಲಗೋಡದಲ್ಲಿ ಇಂಗ್ಲಿಷ್ ಬಲ್ಲವನು ನಾನೊಬ್ಬನೇ. ಜಂಬದಿಂದಲೇ ಹೇಳುತ್ತೇನೆ, ಬಡ ಮಾಸ್ತರನಿಗೆ ಅಷ್ಟೂ ಬೇಡವೇ? ಸಂಜೆ ಊರ ಹಿರಿಯ ಲಕ್ಕಪ್ಪನವರ ಮನೆಯ ಕಟ್ಟೆಯ ಮೇಲೆ ಕೂತು ಇಂಗ್ಲಿಷ್ ಶಬ್ದಗಳ ಹುಟ್ಟು ಬಿಡಿಸಿ ಹೇಳುವುದು ನನ್ನ ಚಟವಾಗಿತ್ತು.

ಆ ಭಾನುವಾರ ಎಕರೆಯ ಸರದಿ. ನೆಲ ಅಳೆಯಲು ಊರವರಿಗೆ ಕೂರಿಗಿ ಲೆಕ್ಕವೇ ರೂಢಿ; ಎಕರೆ ಸರಕಾರದ ಶಬ್ದವೆಂದು ಮೂಗು ಮುರಿಯುತ್ತಿದ್ದರು.

"ಅದೂ ಒಕ್ಕಲುತನದ ಶಬ್ದಾನರಿ," ಎಂದೆ. "ಒಂದು ಜೋಡಿ ಎತ್ತು ಒಂದು ದಿನದಾಗ ನೇಗಿಲಾ ಹೊಡದಷ್ಟು ನೆಲಕ್ಕ ಹಳೇ ಇಂಗ್ಲೆಂಡದಾಗ ಎಕರೆ ಅಂತಿದ್ರು."

ಬಾಗಿಲ ಬಳಿಯಿಂದ ಲಕ್ಕಪ್ಪನವರ ಹಿರಿ ಸೊಸೆ ಹನಮವ್ವ ಕೇಳಿದಳು: "ಅದಕ್ಕೂ ಮದ್ಲ?"

"ಮದ್ಲ ಬರೇ ಹೊಲ ಅಂತ ಅರ್ಥ. ಇನ್ನೂ ಹಿಂದಕ್ಕ ಹೋದ್ರ, ದನಾ ಹೊಡಕೊಂಡು ಅಡ್ಡಾಡೋ ಬಯಲು ಅಂತ ಪಂಡಿತರ ಅಂದಾಜು. ನೊಗಾ ಇಲ್ಲ, ನೇಗಿಲಾ ಇಲ್ಲ."

ಹನಮವ್ವನ ಗಂಡ ತೀರಿಕೊಂಡು ಎರಡು ವರ್ಷವಾಗಿತ್ತು. ಬಾವಿ ಕಡೆಯ ಕರಿಮಣ್ಣಿನ ಎರಿ ಹೊಲವನ್ನು ಅವಳೇ ದುಡಿಯುತ್ತಿದ್ದಳು. ಗಂಡನ ಪಾಲಿನ ಅರ್ಧ ಹೊಲ ತನಗೆ ಬೇಕೆಂದು ಮಾವನನ್ನು ಕೇಳಿದ್ದಳು. ವಿಧವೆಗೆ ಕೂಳು ಅರಿವೆ ಸಾಕು ಎನ್ನುವುದು ಮೈದುನ ಕೆಂಚಪ್ಪನ ವಾದ. ಆಗಿನ ಕಾಯಿದೆಯೂ ಅವನ ಕಡೆಗೇ ಇತ್ತು. ಅವಳು ನೆಚ್ಚಿದ್ದು ಲಕ್ಕಪ್ಪನವರ ತೀರ್ಮಾನವೊಂದನ್ನೇ.

ಕೆಂಚಪ್ಪ ಅಂದೇ ಪಟ್ಟು ಹಾಕಿದ. "ಯಪ್ಪಾ, ಮಾಸ್ತರ್ರು ಹೇಳಿದ ಎಕರೆನ ಕೊಡೂಣು. ಅತ್ತಿಗಿ ಎತ್ತು ಒಂದು ದಿನದಾಗ ಎಷ್ಟು ಎಕರೆ ಮಾಡತಾವೋ ಅಷ್ಟು ಆಕಿದು. ದಿನಾ ಗೊತ್ತ ಮಾಡಾಂವ ನಾ. ನಾಳೆ, ಸೋಮವಾರ."

ಸೋಮವಾರ ಬಸವಣ್ಣನ ವಾರ; ನಮ್ಮ ಸೀಮೆಯಲ್ಲಿ ಯಾರೂ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಹೂಡಿದರೆ ಊರು ಉಗಿಯುತ್ತದೆ, ಹೂಡದಿದ್ದರೆ ಹೊಲ ಹೋಗುತ್ತದೆ. ನನ್ನ ಶಬ್ದದಿಂದಲೇ ಅವಳ ಕುತ್ತಿಗೆ ಹಿಸುಕಲು ಹೊರಟನಲ್ಲ ಎಂದು ನನಗೆ ಮೈಯೆಲ್ಲ ಉರಿಯಿತು.

ಹನಮವ್ವ ಮಾತ್ರ ಸೆರಗು ಸರಿಪಡಿಸಿಕೊಂಡಳು. "ಆಗಲೇಳು. ಮಾಸ್ತರ್ರು ಹೇಳಿದ ಎಕರೆ, ಖರೆ?"

"ಖರೆ!" ಎದೆ ತಟ್ಟಿದ ಕೆಂಚಪ್ಪ.

"ಇಬ್ಬರೂ ಒಪ್ಪಿದ್ರಿ. ನಾ ಸಾಕ್ಷಿ," ಎಂದರು ಲಕ್ಕಪ್ಪನವರು.

ಮರುದಿನ ಹೊತ್ತು ಮೂಡುವಾಗ ಊರೆಲ್ಲ ಬದುವಿನ ಮೇಲಿತ್ತು. ಹನಮವ್ವ ಮೈ ತೊಳೆದ ಎತ್ತುಗಳನ್ನು ಹೊಡೆದುಕೊಂಡು ಬಂದಳು. ನೊಗವಿಲ್ಲ, ನೇಗಿಲಿಲ್ಲ. ಕೆಂಚಪ್ಪ ಹೊಟ್ಟೆ ಹಿಡಿದು ನಕ್ಕ.

"ಮಾಸ್ತರ್ರ, ಎಕರೆದು ಎಲ್ಲಾಕಿಂತ ಹಳೇ ಅರ್ಥ ಹೇಳ್ರಿ," ಎಂದಳು ಹನಮವ್ವ.

"ದನಾ ಹೊಡಕೊಂಡು ಅಡ್ಡಾಡೋ ಬಯಲು," ಎಂದು ಹೇಳಿದೆ. ಸಾಲಿಯಲ್ಲೂ ಅಷ್ಟು ಗಟ್ಟಿಯಾಗಿ ಪಾಠ ಹೇಳಿದವನಲ್ಲ. ಅವಳು ಎತ್ತುಗಳ ಬೆನ್ನು ಚಪ್ಪರಿಸಿ ಹೊಲಕ್ಕೆ ಇಳಿಸಿದಳು. ಮೇಯುತ್ತ, ಬಾಲ ಬೀಸುತ್ತ ಅವು ಬಾವಿ ಸುತ್ತಿದವು, ಬನ್ನಿ ಗಿಡ ದಾಟಿದವು. ಕೆಂಚಪ್ಪನ ನಗು ನಿಂತಿತು. ಹೀಗೇ ನಡೆದರೆ ಸಂಜೆಯೊಳಗೆ ಇಡೀ ಹೊಲ ಅವಳದೇ. ಅವನು ಅಪ್ಪನ ಮುಖ ನೋಡಿದ. ಲಕ್ಕಪ್ಪನವರು ತಂಬಾಕು ತಿಕ್ಕುತ್ತ ಕೂತಿದ್ದರು.

ಹೊಲದ ನಟ್ಟನಡುವೆ ಹನಮವ್ವ ಎತ್ತುಗಳನ್ನು ತಡೆದಳು. ಹೊತ್ತು ಇನ್ನೂ ನೆತ್ತಿಗೆ ಬಂದಿರಲಿಲ್ಲ.

"ಯಾಕ ನಿಂತಿ?" ಕೆಂಚಪ್ಪ ಬದುವಿನಿಂದ ಕೂಗಿದ.

"ನಿನ್ನ ಪಾಲು ನನಗ್ಯಾಕೋ? ನಂದು ಇಲ್ಲೀಮಟ."

ಲಕ್ಕಪ್ಪನವರು ಎದ್ದು ಮಗನಿಗೆ ಹೇಳಿದರು: "ಹೋಗಪಾ, ಗಡಿಗೆ ಬಾಂದಗಲ್ಲು ತಾ. ಆಕಿ ನಿಂತಲ್ಲೇ ಹುಗಿ."

ಕೆಂಚಪ್ಪ ಊರ ಕಡೆ ತಿರುಗಿದ. "ಗಾಡಿ ಹೂಡಕೊಂಡು ಬರತೇನಿ."

"ಸೋಮವಾರೋ," ಎಂದರು ಲಕ್ಕಪ್ಪನವರು.

ಕಲ್ಲನ್ನು ಅವನು ಹೆಗಲ ಮೇಲೆ ಹೊತ್ತು ತಂದ.