ಟ್ವಾಶುಕಾ ತಂಡದ ಗೋಲ್‌ಕೀಪರ್

ಜೆಲಿಪಾ ಜೆರೆ ಸತ್ತ ಸುದ್ದಿ ಗಣಿಯೂರು ಮುಫುಲಿರಾದ ಸಂತೆಗೆ ಬಂದಾಗ ಎಲ್ಲರೂ ತಿರುಗಿ ನೋಡಿದ್ದು ಕಟೊಂಗೊಳ ಕಡೆ. ಅಳುತ್ತಾಳೇನೋ ಎಂದಲ್ಲ, ಗೇಲಿ ಯಾವಾಗ ಶುರುಮಾಡುತ್ತಾಳೆ ಎಂದು. ಸತ್ತವಳು ಅಂಗೋನಿ, ಇವಳು ಬೆಂಬಾ. ಮುತ್ತಜ್ಜಂದಿರ ಕಾಲದಲ್ಲಿ ಈಟಿ ಹಿಡಿದು ಬಡಿದಾಡಿದ ಈ ಎರಡು ಕುಲಗಳು ಕೊನೆಗೆ ಸುಸ್ತಾಗಿ ಒಂದು ರಾಜಿ ಮಾಡಿಕೊಂಡವು. ಒಬ್ಬರನ್ನೊಬ್ಬರು ಏನು ಬೇಕಾದರೂ ಅನ್ನಬಹುದು, ಯಾರೂ ಮುನಿಯುವಂತಿಲ್ಲ. ಬೆಂಬಾದವರು ಕೋತಿ ತಿನ್ನುವವರು, ಅಂಗೋನಿಯವರು ಇಲಿ ತಿನ್ನುವವರು ಎಂಬುದು ಹಳೆಯ ಗೇಲಿ. ಸಾವಿನ ಮನೆಯಲ್ಲಂತೂ ಅದು ಕರ್ತವ್ಯವೇ. ಮನೆಯವರು ಅಳುತ್ತಿರಬೇಕು, ಎದುರು ಕುಲದವರು ಬಂದು ಸತ್ತವರನ್ನು ಆಡಿಕೊಂಡು ಅವರನ್ನು ನಗಿಸಬೇಕು. ಕಟೊಂಗೊ ಅದರಲ್ಲಿ ಎತ್ತಿದ ಕೈ.

ಆ ದಿನ ಅವಳಿಗೆ ಟೊಮೆಟೊ ರಾಶಿಯ ಮೇಲೆ ಗೋಣಿ ಹೊದಿಸಲೂ ಕೈ ಬರಲಿಲ್ಲ. ಜೆಲಿಪಾಳಿಗೆ ಹೇಳಬೇಕಾದ ಒಂದು ಮಾತು ಉಳಿದುಹೋಗಿತ್ತು. ಗೇಲಿಯ ಮಾತಲ್ಲ, ಕ್ಷಮೆಯ ಮಾತು. ಮಣ್ಣಿಗೆ ಇಡುವುದರೊಳಗೆ ಅದನ್ನು ಹೇಳದಿದ್ದರೆ ಇನ್ನು ಹೇಳುವುದೆಲ್ಲಿ?

ಟ್ವಾಶುಕಾ ಹೆಂಗಸರ ಫುಟ್‌ಬಾಲ್ ತಂಡವನ್ನು ಕಟ್ಟಿದ್ದು ಇವರಿಬ್ಬರೇ. ಗಣಿಯವರು ಗಂಡಸರ ತಂಡ ಮುಚ್ಚಿ ಮೈದಾನವನ್ನು ಮೇಕೆಗಳಿಗೆ ಬಿಟ್ಟಿದ್ದ ಕಾಲ. ಸಂತೆ ಮುಗಿಸಿ ಬಂದ ಹೆಂಗಸರು ಮೇಕೆಗಳನ್ನು ಓಡಿಸಿ ಚೆಂಡು ಒದೆಯತೊಡಗಿದರು. ಅರ್ಧ ಜನ ಟೊಮೆಟೊ, ಒಣಮೀನು ಮಾರುವ ಬೆಂಬಾದವರು. ಇನ್ನರ್ಧ ಜನ ಗಣಿ ಕೆಲಸಕ್ಕೆ ಬಂದ ಗಂಡಂದಿರ ಹಿಂದೆ ಪೂರ್ವದಿಂದ ಬಂದ ಅಂಗೋನಿಯವರು. ಉಟ್ಟ ಚಿತೆಂಗೆ ಬಟ್ಟೆಯನ್ನೇ ಕತ್ತರಿಸಿ ಚಡ್ಡಿ ಹೊಲಿದುಕೊಂಡರು. ಹೆಂಗಸರು ತೊಡೆ ತೋರಿಸುತ್ತಾರೆಂದು ಪಾದ್ರಿಯ ಹೆಂಡತಿ ಊರೆಲ್ಲ ಸಾರಿದಳು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಆಕೆಯ ಮಗಳೇ ಎಡಗಡೆಯ ಓಟಗಾರ್ತಿಯಾದಳು, ತಾಯಿ ಗೆರೆಯ ಆಚೆ ನಿಂತು ಎಲ್ಲರಿಗಿಂತ ಜೋರಾಗಿ ಕಿರುಚತೊಡಗಿದಳು.

ಅಭ್ಯಾಸಕ್ಕೆ ಬೆಂಬಾದವರು ಒಂದು ಕಡೆ, ಅಂಗೋನಿಯವರು ಇನ್ನೊಂದು ಕಡೆ. ಸೋತವರು ಗೆದ್ದವರಿಗೆ ನ್‌ಶಿಮಾ ಮುದ್ದೆ ತೊಳಸಿ ಹಾಕಬೇಕು. ತಂಡದಲ್ಲಿ ಇದ್ದದ್ದು ಒಂದೇ ಕಟ್ಟುಪಾಡು: ಬೈದದ್ದಕ್ಕೆ ಮುನಿಸಿಕೊಂಡವಳು ಮನೆಗೆ ಹೋಗಬೇಕು.

"ಏ ಕೋತಿ ತಿನ್ನೋಳೇ, ಒದಿಯೇ ನೋಡೋಣ! ಆ ಕಾಲು ಕಾಡಲ್ಲಿ ಮರ ಹತ್ತೋಕೆ ಲಾಯಕ್ಕು!" ಎಂದು ಜೆಲಿಪಾ ಗೋಲಿನಿಂದ ಕೂಗುತ್ತಿದ್ದಳು.

"ಇಲಿ ಬಿಲದ ಮುಂದೆ ಕೂತಂಗೆ ಕೂತಿದೀಯಲ್ಲೇ! ತಗೋ, ಹಿಡಿ!" ಎಂದು ಕಟೊಂಗೊ ಒದೆಯುತ್ತಿದ್ದಳು. ಜೆಲಿಪಾ ಹಿಡಿದೇ ಹಿಡಿಯುತ್ತಿದ್ದಳು. ಆ ಹೆಂಗಸಿನ ಕೈಗೆ ಅಂಟು ಬಳಿದಿದೆ ಎಂದು ಕಿಟ್ವೆಯ ತಂಡದವರು ಒಮ್ಮೆ ಪರೀಕ್ಷೆ ಮಾಡಿಸಿಯೂ ನೋಡಿದ್ದರು.

ಪ್ರಾಂತ್ಯದ ಫೈನಲ್ಲಿಗೆ ಬಂದ ವರ್ಷ. ಗೆದ್ದರೆ ದೊಡ್ಡ ಲೀಗು, ರಾಜಧಾನಿ ಲುಸಾಕದವರೊಡನೆ ಆಟ. ಅದಕ್ಕೆ ಕೆಲವು ದಿನ ಮುಂಚೆ, ಎಲ್ಲರೂ ಬೂಟಿನ ಧೂಳು ಕೊಡವುತ್ತ ಕೂತಿದ್ದಾಗ ಜೆಲಿಪಾ ನಾಯಕಿಗೆ ಹೇಳಿದಳು.

"ಕಟೊಂಗೊ, ನನ್ನ ಕಣ್ಣು ಹೋಗ್ತಿದೆ ಕಣೆ. ಚೆಂಡು ಪಕ್ಕದಿಂದ ಬಂದ್ರೆ ಕಾಣಲ್ಲ. ಈ ಸಲ ಗೋಲಿಗೆ ಯಾರಾದ್ರೂ ಚಿಕ್ಕೋಳನ್ನ ನಿಲ್ಸು."

"ಕತ್ತಲಲ್ಲಿ ಇಲಿ ಹಿಡಿಯೋವಾಗ ಕಾಣುತ್ತೆ, ಹಗಲಲ್ಲಿ ಚೆಂಡು ಕಾಣಲ್ವಾ?" ಎಂದಳು ಕಟೊಂಗೊ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಜೆಲಿಪಾಳೂ ನಕ್ಕಳು. ನಗದೆ ಏನು ಮಾಡುತ್ತಾಳೆ? ಮುನಿದರೆ ಮನೆಗೆ ಹೋಗಬೇಕಲ್ಲ.

ಕಟೊಂಗೊಳಿಗೆ ಅದು ತಮಾಷೆಯಲ್ಲ ಎಂದು ಗೊತ್ತಿತ್ತು. ಜೆಲಿಪಾ ಬೂಟಿನ ದಾರವನ್ನು ಬೆರಳಲ್ಲಿ ತಡಕಿ ಕಟ್ಟುವುದನ್ನು ಅವಳು ನೋಡಿದ್ದಳು. ಆದರೆ ಆ ಕೈಗಳಿಲ್ಲದೆ ಗೆಲ್ಲುವ ಧೈರ್ಯ ಅವಳಿಗಿರಲಿಲ್ಲ. ಗೇಲಿಯ ಹಿಂದೆ ಅಡಗಿ ಕೂತುಬಿಟ್ಟಳು.

ಫೈನಲ್ಲಿನ ದಿನ ಆಟ ಮುಗಿಯುವ ಹೊತ್ತಿಗೆ ಬಲಗಡೆಯಿಂದ ಒಂದು ಚೆಂಡು ಬಂತು. ಜೋರಾಗಿಯೇನೂ ಇರಲಿಲ್ಲ, ಮಕ್ಕಳೂ ಹಿಡಿಯುವಂಥದ್ದು. ಜೆಲಿಪಾ ಎದುರಿಗೇ ನೋಡುತ್ತ ನಿಂತಿದ್ದಳು. ಚೆಂಡು ಅವಳ ಮೊಣಕಾಲ ಪಕ್ಕದಿಂದ ಉರುಳಿ ಒಳಗೆ ಹೋಯಿತು.

ಬಸ್ಸಿನ ಹತ್ತಿರ, ಎಲ್ಲರೂ ಕೇಳುವಂತೆ ಕಟೊಂಗೊ ಅಂದಳು: "ಒಂದು ಬುಟ್ಟಿ ಇಲಿಗೆ ನಮ್ಮನ್ನ ಮಾರಿಬಿಟ್ಯಲ್ಲೇ."

ಯಾರೂ ನಗಲಿಲ್ಲ. ಜೆಲಿಪಾ ಅವಳ ದನಿ ಬಂದ ಕಡೆ ಮುಖ ತಿರುಗಿಸಿದಳು.

"ಇದು ಗೇಲಿನೋ, ನಿಜಾನೋ?"

"ಗೇಲಿ ಕಣೆ. ಇನ್ನೇನು?" ಎಂದಳು ಕಟೊಂಗೊ. ಹಸಿ ಸುಳ್ಳು. ಆ ಕ್ಷಣಕ್ಕೆ ಸೋತ ಸಿಟ್ಟನ್ನೆಲ್ಲ ಕೂಡಿಸಿಯೇ ಅವಳು ಆ ಮಾತು ಆಡಿದ್ದಳು.

ಜೆಲಿಪಾ ಮತ್ತೆ ಮೈದಾನಕ್ಕೆ ಬರಲಿಲ್ಲ. ಮುನಿದೆ ಎಂದೂ ಹೇಳಲಿಲ್ಲ, ಮಂಡಿ ನೋವು ಎಂದಳು. ಒಬ್ಬೊಬ್ಬರಾಗಿ ಅಂಗೋನಿಯವರೆಲ್ಲರಿಗೂ ಮಂಡಿ ನೋವು ಬಂತು. ಬೆಂಬಾದವರು ತಮ್ಮತಮ್ಮಲ್ಲೇ ಆಡಿದರು, ಬೈಯಲು ಯಾರೂ ಇಲ್ಲದ ಆಟ ಉಪ್ಪಿಲ್ಲದ ಸಾರಿನಂತಾಯಿತು. ಮೈದಾನ ಮತ್ತೆ ಮೇಕೆಗಳ ಪಾಲಾಯಿತು.

ಆಮೇಲೆ ಜೆಲಿಪಾಳ ಕಣ್ಣು ಪೂರ್ತಿ ಹೋಯಿತು. ಮನೆ ಬಾಗಿಲಲ್ಲಿ ಕೂತು ಮುಂಕೋಯೊ ಪಾನಕ ಮಾರುತ್ತಿದ್ದಳು. ಸಂತೆಗೆ ಹೋಗುವ ಕಟೊಂಗೊಳ ಹೆಜ್ಜೆ ಸಪ್ಪಳಕ್ಕೇ ಅವಳನ್ನು ಗುರುತಿಸುತ್ತಿದ್ದಳು.

"ಕೋತಿ ತಿನ್ನೋಳು ಹೊರಟ್ಳೋ ಸಂತೆಗೆ?"

"ಇಲಿ ತಿನ್ನೋಳಿಗೆ ಇನ್ನೂ ಸಾವು ಬಂದಿಲ್ವೋ?"

ಇಬ್ಬರೂ ನಗುತ್ತಿದ್ದರು. ಈವತ್ತು ಹೇಳಿಬಿಡೋಣ ಎಂದುಕೊಂಡೇ ಕಟೊಂಗೊ ದಿನಾ ಆ ದಾರಿ ಹಿಡಿಯುತ್ತಿದ್ದಳು. ಜೆಲಿಪಾ ಮೊದಲು ಗೇಲಿ ಎತ್ತುತ್ತಿದ್ದಳು, ಗೇಲಿಗೆ ಗೇಲಿಯನ್ನೇ ಹಿಂದಿರುಗಿಸಬೇಕು. ಎಷ್ಟು ವರ್ಷ ಹೀಗೆ ನಡೆದುಹೋಯಿತೋ! ಎಂಥ ಹೇಡಿ ನಾಲಗೆ ಅದು, ಊರಿಗೆಲ್ಲ ಉತ್ತರ ಕೊಡುವಂಥದ್ದು, ಒಂದು ಮಾತಿಗೆ ಮಾತ್ರ ಮೇಲೇಳಲಿಲ್ಲ.

ಸ್ಮಶಾನದಲ್ಲಿ ಹಳೆಯ ಟ್ವಾಶುಕಾದವರೆಲ್ಲ ಸೇರಿದ್ದರು. ಪೆಟ್ಟಿಗೆ ಗುಂಡಿಯ ಹತ್ತಿರ ಬಂದಾಗ ಕಟೊಂಗೊ ಅಡ್ಡ ನಿಂತಳು. ಪದ್ಧತಿ ಅದೇ: ಎದುರು ಕುಲದವಳು ದಾರಿ ಕಟ್ಟಬೇಕು, ಆಡಿಕೊಳ್ಳಬೇಕು, ಆಮೇಲೆ ಬಿಡಬೇಕು. ಜನ ಆಗಲೇ ಮುಗುಳ್ನಗುತ್ತ ಕಾಯುತ್ತಿದ್ದರು.

ಕಟೊಂಗೊ ಪೆಟ್ಟಿಗೆಯ ಮುಂದೆ ಕೆಂಪು ಮಣ್ಣಿನಲ್ಲಿ ಮಂಡಿಯೂರಿದಳು.

"ಜೆಲಿಪಾ, ನಿನ್ನ ಕಣ್ಣು ಕಾಣಲ್ಲ ಅಂತ ನಂಗೆ ಗೊತ್ತಿತ್ತು ಕಣೆ. ಗೊತ್ತಿದ್ದೇ ನಿನ್ನ ನಿಲ್ಸಿದೆ. ಆ ಚೆಂಡು ನೀನು ಬಿಟ್ಟಿದ್ದಲ್ಲ, ನಾನು ಬಿಟ್ಟಿದ್ದು. ತಪ್ಪಾಯ್ತು, ಕ್ಷಮಿಸೇ."

ಅಂಗೋನಿ ಹೆಂಗಸರ ಕಡೆಯಿಂದ ನಗು ಸಿಡಿಯಿತು. ಬೆಂಬಾದವಳು ಅಂಗೋನಿಯವಳ ಮುಂದೆ ಮಂಡಿಯೂರಿ ತಪ್ಪಾಯ್ತು ಅನ್ನುವುದೇ! ಇಂಥ ಗೇಲಿಯನ್ನು ಯಾರೂ ಕಂಡಿರಲಿಲ್ಲ. ಪಾದ್ರಿಯ ಮಗಳು ಹೊಟ್ಟೆ ಹಿಡಿದುಕೊಂಡು ಪಕ್ಕದವಳ ಮೇಲೆ ಒರಗಿದಳು. ಕೆಲವರು ನಾಲಗೆ ಆಡಿಸುತ್ತ ಸಂಭ್ರಮದ ಕೇಕೆ ಹಾಕಿದರು.

"ಗೇಲಿ ಅಲ್ಲ!" ಎಂದು ಕಟೊಂಗೊ ಕೂಗಿದಳು. "ನಿಜ ಹೇಳ್ತಿದೀನಿ, ನಂಬ್ರೇ!"

ನಗು ಇನ್ನೂ ಜೋರಾಯಿತು.

ಬೆಳಗಿನಿಂದ ಅತ್ತು ಅತ್ತು ಮುಖ ಊದಿಸಿಕೊಂಡಿದ್ದ ಜೆಲಿಪಾಳ ಮಗಳು ನ್ಯೋಕಾಸೆಯೂ ಬಾಯಿಗೆ ಚಿತೆಂಗೆ ಒತ್ತಿಕೊಂಡು ನಗುತ್ತಿದ್ದಳು. ಅವಳೇ ಬಂದು ಕಟೊಂಗೊಳ ತೋಳು ಹಿಡಿದು ಎಬ್ಬಿಸಿದಳು.

"ಅಬ್ಬಾ ದೊಡ್ಡಮ್ಮ, ಕಣ್ಣೀರೂ ಬರಿಸ್ಕೊಂಡ್ರಲ್ಲ! ಅಮ್ಮ ಇದ್ದಿದ್ರೆ ಎಷ್ಟು ನಗ್ತಿದ್ಲು!"

ಕಟೊಂಗೊ ಆ ಹುಡುಗಿಯ ಮುಖ ನೋಡಿದಳು. ಸಾವಾದ ಮೇಲೆ ಮೊದಲ ಸಲ ನಕ್ಕ ಮುಖ. ಅದನ್ನು ಕಿತ್ತುಕೊಳ್ಳಲು ಅವಳಿಗೆ ಮನಸ್ಸು ಬರಲಿಲ್ಲ.

"ನಕ್ಕೇ ನಗ್ತಿದ್ಲು ಬಿಡು, ಇಲಿ ತಿನ್ನೋಳು," ಎಂದು ಹೇಳಿ ಅವಳು ಪೆಟ್ಟಿಗೆಗೆ ದಾರಿ ಬಿಟ್ಟಳು.