ಊಟದ ಇಪ್ಪತ್ತು ನಿಮಿಷ

ಮಾರ್ಚ್ ತಿಂಗಳ ಆ ಗುರುವಾರ ಅಮೆರಿಕದ ಡುಲೂತ್ ಊರಿನ ಮಕ್ಕಳ ಕ್ಲಿನಿಕ್ಕಿನಲ್ಲಿ ನರ್ಸ್ ಡೊರೀನ್ ಹಾಲ್ವರ್ಸನ್ ನೋಡಿದ ಹದಿನಾಲ್ಕನೇ ಮಗು ಮರ್ಲಿ. ಹದಿಮೂರರ ಹುಡುಗಿ, ಸಕ್ಕರೆ ಕಾಯಿಲೆ ಬಂದು ಎರಡು ವರ್ಷವಾಗಿತ್ತು. ಡೊರೀನ್‌ಳ ಕಾಲುಗಳು ಅಷ್ಟು ಹೊತ್ತಿಗೆ ಕಂಬದಂತಾಗಿದ್ದವು.

"ಸಕ್ಕರೆ ಮತ್ತೆ ಏರಿದೆ. ಇನ್ಸುಲಿನ್ ಸರಿಯಾಗಿ ತಗೋತಿದ್ದೀಯಾ ಮರಿ?"

"ಎಲ್ಲಿ ತಗೋತಾಳೆ!" ಎಂದು ತಾಯಿ ಜೋಲೀನ್ ಬಾಯಿ ಹಾಕಿದಳು. ಸ್ಕೂಲ್ ಬಸ್ಸು ಓಡಿಸುವವಳು, ಮುಂದಿನ ಟ್ರಿಪ್ಪಿಗೆ ಹೊತ್ತಾಗುತ್ತಿತ್ತು. "ಬೆಳಿಗ್ಗೆ, ಸಂಜೆ ನಾನೇ ಎದುರಿಗೆ ನಿಂತು ಚುಚ್ಚಿಸ್ತೀನಿ. ಸ್ಕೂಲಲ್ಲಿ ಮಾತ್ರ ಮರೆತೋಯ್ತು ಅಂತಾಳೆ. ಫೋನ್ ಮರೀತಾಳಾ, ಕೇಳಿ?"

ಮರ್ಲಿ ಜಾಕೆಟ್ಟಿನ ಜಿಪ್ಪನ್ನು ಮೇಲೆ ಕೆಳಗೆ ಎಳೆಯುತ್ತಾ ಕೂತಿದ್ದಳು.

ಡೊರೀನ್ ಕಂಪ್ಯೂಟರಿನಲ್ಲಿ ಹಿಂದಿನ ಮೂರು ಭೇಟಿಗಳನ್ನು ತೆಗೆದಳು. ಮೂರರಲ್ಲೂ ಅವಳೇ ಬರೆದಿದ್ದಳು: 'ಮರೆವು. ತಿಳಿಹೇಳಿದ್ದೇನೆ.' ನಾಲ್ಕನೇ ಸಲವೂ ಅದನ್ನೇ ಬರೆಯಹೊರಟವಳ ಕೈ ತಡೆಯಿತು. ಈ ಹುಡುಗಿಯ ದನಿ ಹೇಗಿದೆ ಎಂಬುದೇ ತನಗೆ ಗೊತ್ತಿಲ್ಲವಲ್ಲ!

"ಜೋಲೀನ್, ನೀವು ಹೊರಗೆ ಹೋಗಿ ಒಂದು ಕಾಫಿ ಕುಡಿದು ಬನ್ನಿ."

"ನನ್ನ ಮುಂದೆ ಆಡಬಾರದ ಮಾತು ಅದೇನಪ್ಪಾ?" ಎಂದು ಗೊಣಗುತ್ತಲೇ ಜೋಲೀನ್ ಎದ್ದು ಹೋದಳು.

ಡೊರೀನ್ ಕಂಪ್ಯೂಟರಿಗೆ ಬೆನ್ನು ಹಾಕಿ ಕೂತಳು. "ಮರೆವಿನ ವಿಷಯ ಬಿಡು. ಊಟದ ಗಂಟೆ ಹೊಡೆದ ಮೇಲೆ ಏನೇನಾಗುತ್ತೆ, ಅದನ್ನ ಹೇಳು."

ಹುಡುಗಿ ಜಿಪ್ಪನ್ನೇ ಎಳೆಯುತ್ತಿದ್ದಳು. ಡೊರೀನ್‌ಗೆ ಇನ್ನೊಂದು ಪ್ರಶ್ನೆ ಬಾಯಿಗೆ ಬಂದಿತ್ತು, ನುಂಗಿಕೊಂಡಳು.

"ಬೈಯಲ್ವಾ?"

"ಬೈಯೋಕೂ ತ್ರಾಣ ಇಲ್ಲ ಕಣೇ."

ಮರ್ಲಿಗೆ ನಗು ಬಂದಂತಾಯಿತು. "ಊಟಕ್ಕೆ ಇಪ್ಪತ್ತೇ ನಿಮಿಷ. ಇನ್ಸುಲಿನ್ನು ಆಫೀಸಿನ ಬೀರುವಲ್ಲಿ ಬೀಗ ಹಾಕಿಡ್ತಾರೆ. ಕೀ ಇರೋರು ಬರೋ ತನಕ ಕಾಯ್ಬೇಕು. ನಾನು ಬರೋಷ್ಟರಲ್ಲಿ ನಮ್ಮ ಟೇಬಲ್ಲು ಭರ್ತಿ. ಒಂದು ತಿಂಗಳು ಕಸದ ಡಬ್ಬಿ ಪಕ್ಕ ನಿಂತ್ಕೊಂಡು ತಿಂದೆ. ಆಮೇಲೆ ಆಫೀಸಿಗೆ ಹೋಗೋದೇ ಬಿಟ್ಟೆ."

"ಮತ್ತೆ, ಮರೆತೆ ಅಂತಿದ್ದೆಯಲ್ಲ?"

"ಹಾಗಂದ್ರೆ ಬೇಗ ಮುಗಿಯುತ್ತೆ."

ಡೊರೀನ್ ಕುರ್ಚಿಯನ್ನು ಹತ್ತಿರ ಎಳೆದುಕೊಂಡಳು. "ಅಮ್ಮಂಗೆ ನೀನೇ ಹೇಳ್ತೀಯಾ, ನಾನು ಹೇಳಲಾ?"

"ನೀವೇ ಹೇಳಿ. ನಾನು ಇಲ್ಲೇ ಇರ್ತೀನಿ."

ಕಾಫಿ ಮುಗಿಸಿ ಬಂದು ವಿಷಯ ಕೇಳಿದ ಜೋಲೀನ್ ಮೊದಲು ರೇಗಿದಳು. "ಒಂದು ಕುರ್ಚಿಗೋಸ್ಕರ ಪ್ರಾಣದ ಮೇಲೆ ತಂದ್ಕೊಳ್ತಾರೇನೇ?" ಆಮೇಲೆ ಮಗಳ ಪಕ್ಕ ಕೂತು, ಅವಳ ಜಿಪ್ಪಿನ ಮೇಲಿದ್ದ ಕೈ ಹಿಡಿದುಕೊಂಡಳು. "ನಿಂತ್ಕೊಂಡು ತಿಂತಿದ್ಯಾ? ನಂಗ್ಯಾಕೆ ಹೇಳ್ಲಿಲ್ಲ?"

"ನೀನು ಬರೀ ಸಕ್ಕರೆ ನಂಬರ್ ಕೇಳ್ತಿದ್ದೆ."



ಶಾಲೆಯವರು ಮೊದಲು, ಔಷಧಿ ಆಫೀಸಿನಲ್ಲೇ ಇರಬೇಕೆಂದು ನಿಯಮ ಹೇಳಿದರು. ಡೊರೀನ್ ನಾಲ್ಕು ಸಲ ಫೋನ್ ಮಾಡಿ, ಡಾಕ್ಟರ ಸಹಿಯ ಪತ್ರ ಕಳಿಸಿದ ಮೇಲೆ, ಮರ್ಲಿ ಔಷಧಿಯನ್ನು ತನ್ನ ಚೀಲದಲ್ಲೇ ಇಟ್ಟುಕೊಳ್ಳಬಹುದು ಎಂದು ಒಪ್ಪಿದರು. ಅಷ್ಟಕ್ಕೆ ಮೂರು ವಾರ ಹಿಡಿಯಿತು.

ಜೂನ್‌ನಲ್ಲಿ ಕ್ಲಿನಿಕ್ಕಿಗೆ ಮತ್ತೆ ಬಂದಾಗ ಸಕ್ಕರೆ ಕೊಂಚ ಇಳಿದಿತ್ತು, ಸಾಲದು. ಈಗ ಮತ್ತೆ ಜೊತೆಗೆ ಕೂರುತ್ತಿದ್ದ ಹಳೇ ಟೇಬಲ್ಲಿನ ಹುಡುಗಿಯರು ಕಿತ್ತಾಡಿಕೊಂಡ ಕಥೆಯನ್ನು ಮರ್ಲಿ ಕೈ ತಿರುಗಿಸಿ ತಿರುಗಿಸಿ ಹೇಳುತ್ತಿದ್ದಳು. ಹೊರಗೆ ಇನ್ನೂ ಆರು ಮಕ್ಕಳು ಕಾಯುತ್ತಿದ್ದರು. ಡೊರೀನ್ ಆಕಳಿಕೆಯನ್ನು ಹಲ್ಲಲ್ಲೇ ತಡೆದು, "ಆಮೇಲೆ?" ಎಂದಳು.