ಕೆಂಪು ಕುಲಾಯಿ

ನಮ್ಮ ಬಳ್ಳಾರಿಯ ಅದಿರು ಕೊಳ್ಳುವ ಜಪಾನಿನ ಕಾರ್ಖಾನೆಗೆ ಕೆಲಸದ ಮೇಲೆ ಹೋಗಿದ್ದ ಕಂಟೋನ್ಮೆಂಟಿನ ಉಜ್ಜಿನಪ್ಪನಿಗೆ 1972ರ ಆ ಭಾನುವಾರ ಬಿಡುವಿತ್ತು. ಕಡಲ ದಂಡೆಯ ಆ ಊರನ್ನು ಒಬ್ಬನೇ ಸುತ್ತಲು ಹೊರಟ. ಬಂದರಿನಲ್ಲಿ ನಮ್ಮದೇ ಕೆಂಪು ಅದಿರು ಗುಡ್ಡದಂತೆ ಬಿದ್ದಿತ್ತು. ದೀಪಸ್ತಂಭ ಹತ್ತಿ ಇಳಿದ. ಒಣಮೀನಿನ ವಾಸನೆಗೆ ಮೂಗು ಮುಚ್ಚಿಕೊಂಡೇ ಓಣಿಗಳನ್ನು ದಾಟಿದ.

ದಿಬ್ಬದ ಗುಡಿಯ ಹಿಂದೆ ಮೊಣಕಾಲೆತ್ತರದ ನೂರಾರು ಕಲ್ಲಿನ ಮೂರ್ತಿಗಳು ಕಡಲಿಗೆ ಮುಖ ಮಾಡಿ ನಿಂತಿದ್ದವು. ತಲೆಗೆ ಕೂಸಿನ ಕೆಂಪು ಟೊಪ್ಪಿಗೆ, ಕಾಲ ಬಳಿ ಆಟಿಕೆ. ಮಕ್ಕಳ ಫಲ ಕೊಡುವ ದೇವರೇ ಇರಬೇಕು ಅಂದುಕೊಂಡ. ಹೆಂಡತಿ ವೀರಭದ್ರಮ್ಮನಿಗೆ ಎಂಟು ತಿಂಗಳಾಗಿತ್ತು. ಹೊರಡುವಾಗ ಕುರುಗೋಡಿನ ಅವ್ವ ತಾನೇ ಹೊಲಿದ ಕೆಂಪು ಕುಲಾಯಿಯನ್ನು, ಗಲ್ಲದಡಿ ಗಂಟು ಹಾಕುವ ಕೂಸಿನ ಟೊಪ್ಪಿಗೆಯನ್ನು, ಅವನ ಜೇಬಿಗಿಟ್ಟಿದ್ದಳು.

"ಮಕ್ಕಳ ದೇವರು ಎಲ್ಲೇ ಕಂಡ್ರೂ ಇದನ್ನ ಕಟ್ಟಿ ಬೇಡ್ಕೋಪಾ. ಹೆರಿಗಿ ಆಗೋತನಕ ಗಂಟು ಬಿಚ್ಚಬಾರ್ದು ನೋಡು, ಕೂಸಿಗೆ ಕೇಡು."

ಬರಿದಲೆಯ ಒಂದು ಮೂರ್ತಿಗೆ ಕುಲಾಯಿ ಕಟ್ಟಿದ. ಊರ ಬಸವಣ್ಣನಿಗೆ ಹೇಳುವಂತೆ ಅದರ ಕಿವಿಯಲ್ಲಿ ಹೆಂಡತಿಯ ಹೆಸರು ಹೇಳಿದ. ಪಕ್ಕದಲ್ಲಿದ್ದ ಮುದುಕಿ ಅವನಿಗೆ ಬಾಗಿ ನಮಸ್ಕರಿಸಿ ಕಣ್ಣೊರೆಸಿಕೊಂಡಳು. ಎಷ್ಟು ಒಳ್ಳೆಯ ಜನ ಅನ್ನಿಸಿತು ಅವನಿಗೆ.

ಸಂಜೆ ಟೊಪ್ಪಿಗೆ ಕಟ್ಟಿ ಬಂದೆನೆಂದು ವಸತಿಗೃಹದ ಯಜಮಾನನಿಗೆ ಇಂಗ್ಲಿಷಿನಲ್ಲಿ ಹೇಳಿದ. ಯಜಮಾನ ಚಹಾದ ಬಟ್ಟಲು ಕೆಳಗಿಟ್ಟು ತಲೆ ತಗ್ಗಿಸಿದ.

"ಅದು ಸತ್ತ ಮಕ್ಕಳನ್ನು ಕಾಯುವ ದೇವರು. ನಿಮ್ಮ ಮಗು ತೀರಿಕೊಂಡು ಎಷ್ಟು ದಿನವಾಯಿತು?"

ಉಜ್ಜಿನಪ್ಪ ದಿಬ್ಬಕ್ಕೆ ಓಡಿದ. ಕುಲಾಯಿಯ ಮುಂದೆ ಆಗಲೇ ಯಾರೋ ಊದುಬತ್ತಿ ಹಚ್ಚಿಟ್ಟು ಹೋಗಿದ್ದರು. ಬಗ್ಗಿ ಗಂಟಿಗೆ ಬೆರಳಿಟ್ಟ. ಆಗ ಅವ್ವನ ಮಾತು ನೆನಪಾಯಿತು.